ರಾಂಜಣದ ನೀರು, ಯಂತ್ರದ ದಾಹ



ಪುಣೆಯಿಂದ ಅಹಿಲ್ಯಾನಗರದ ಹಾದಿ ಹಿಡಿದು ಸುಮಾರು 50 ಕಿಲೋಮೀಟರು ಹೋದರೆ ರಾಂಜಣಗಾಂವ. ಅಲ್ಲಿಯ ಮಹಾಗಣಪತಿಯು ಅಷ್ಟವಿನಾಯಕರಲ್ಲೊಬ್ಬನು. ನಾವು ಮೊದಲು ಅಲ್ಲಿಗೆ ಹೋದದ್ದು ಕೈಮುಗಿಯುವುದಕ್ಕೆ. ಈಗ ನಮ್ಮ ಮನೆಗಳ ಹುಡುಗರು ಕಾರಖಾನೆಯ ಪಾಳಿಗೆ ಹೋಗುತ್ತಾರೆ. ‘ರಾಂಜಣ’ವೆಂದರೆ ಮರಾಠಿಯಲ್ಲಿ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ನಮ್ಮ ಹರವಿಗಿಂತ ದೊಡ್ಡದು, ಗುಡಾಣವೆನ್ನಿ. ಹೆಸರಿನಲ್ಲಿ ನೀರಿದೆ, ಮಳೆ ಮಾತ್ರ ಕಡಿಮೆ. ಶಿರೂರು ತಾಲೂಕು ಸಹ್ಯಾದ್ರಿಯ ಮಳೆನೆರಳಿನ ಸೀಮೆ.

2022ರಲ್ಲಿ ಕೇಂದ್ರ ಸರಕಾರವು ಇಲ್ಲಿ 297 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಕಾರಖಾನೆಗಳ ಸಮೂಹಕ್ಕೆ ಸಮ್ಮತಿಯಿತ್ತಿತು. ಪುಣೆಯಲ್ಲಾದರೋ 2015ರಿಂದಲೇ ಮೈಕ್ರೋಸಾಫ್ಟಿನ ಡೇಟಾ ಸೆಂಟರು ನಡೆದಿದೆ. ಇಂಥವು ನಾಳೆ ಈ ಹಾದಿಗೂ ಬಂದರೆ ಆಶ್ಚರ್ಯವಿಲ್ಲ. ಬೇಡವೆನ್ನಲು ನಮಗೆ ಬಾಯಿಲ್ಲ. ಊರಿಗೆ ಹಣ ಕಳಿಸುವುದೂ ಅವ್ವನ ಮುಖವನ್ನು ಫೋನಿನಲ್ಲಿ ನೋಡುವುದೂ ಆ ಯಂತ್ರಗಳ ಉಪಕಾರವೇ.

ಆದರೆ ಲೆಕ್ಕ ಕೇಳುವುದು ತಪ್ಪಲ್ಲ. ಒಂದು ಮೆಗಾವ್ಯಾಟ್ ವಿದ್ಯುತ್ತನ್ನು ಹಗಲಿರುಳೂ ಉಂಡರೆ ದಿನಕ್ಕೆ 24,000 ಯೂನಿಟ್ಟಾಯಿತು, ಉಂಡದ್ದೆಲ್ಲವೂ ಶಾಖವಾಗುತ್ತದೆ. ಆ ಶಾಖವನ್ನು ನೀರನ್ನು ಆವಿಮಾಡಿಯೇ ಕಳೆಯುವುದಾದರೆ ದಿನಕ್ಕೆ ಸುಮಾರು 35,000 ಲೀಟರು, ಅಂದರೆ 10,000 ಲೀಟರಿನ ಮೂರೂವರೆ ಟ್ಯಾಂಕರು. ದೊಡ್ಡ ಕೇಂದ್ರಗಳು ಹತ್ತಾರು ಮೆಗಾವ್ಯಾಟಿನವು! ಬರಿಯ ಗಾಳಿಯಿಂದಲೂ ತಣಿಸಬಹುದು. ಆಗ ಕರೆಂಟು ಹೆಚ್ಚು ಬೇಕು. ಅದು ಕಲ್ಲಿದ್ದಲಿನಿಂದ ಬಂದರೆ ಹೊಗೆ ಬೇರೆಯವರ ಊರಿಗೆ.

ಸ್ಟಾಕ್‌ಹೋಮಿನಲ್ಲಿ ಈ ಬಿಸಿಯಿಂದ ಮನೆಗಳನ್ನು ಬೆಚ್ಚಗೆ ಮಾಡುತ್ತಾರಂತೆ. ನಮಗೆ ಅದರ ಗೊಡವೆ ಬೇಡ. ವೈಶಾಖದಲ್ಲಿ ದೇವರು ಕೊಟ್ಟದ್ದೇ ಸಾಕಾಗಿದೆ. ನಮ್ಮ ನಾಡಿನ ಉದಾಹರಣೆಯೇ ಮೇಲು. ಬೆಂಗಳೂರಿನ ಹೊಲಸು ನೀರನ್ನು ಶುದ್ಧಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹಾಯಿಸುತ್ತಿದ್ದಾರೆ. ಕೆರೆ ತುಂಬಿಸುವ ನೀರು ಯಂತ್ರವನ್ನು ತಣಿಸಲಾರದೇ? ನಗರವು ಬಳಸಿ ಚೆಲ್ಲಿದ್ದನ್ನೇ ಯಂತ್ರವು ಕುಡಿಯಲಿ. ಹೊಳೆಯ ನೀರಿಗೆ ಬಾಯಿ ಹಾಕುವುದು ಬೇಡ.

ಆ ಹೊಳೆ ಯಾವುದು ಬಲ್ಲಿರಾ? ಶಿರೂರಿನ ಘೋಡ ನದಿ ಭೀಮೆಯನ್ನು ಕೂಡುತ್ತದೆ. ಭೀಮೆ ಉಜನಿಯ ಅಣೆಕಟ್ಟನ್ನು ದಾಟಿ, ಸೊಲ್ಲಾಪುರದ ಸೀಮೆಯನ್ನು ಹಾಯ್ದು, ವಿಜಯಪುರ ಕಲಬುರ್ಗಿ ಜಿಲ್ಲೆಗಳಿಗೆ ಇಳಿಯುತ್ತದೆ. ಇಂಡಿ, ಅಫಜಲಪುರದ ಕಡೆಯಿಂದ ಬಂದವರು ಈ ಸಭೆಯಲ್ಲೇ ಎಷ್ಟೋ ಮಂದಿ ಇದ್ದೀರಿ. ನಾವು ಹೊಳೆಯ ಮೇಲ್ಗಡೆ ಕುಳಿತು ದುಡಿಯುತ್ತೇವೆ. ನಮ್ಮ ಅಣ್ಣತಮ್ಮಂದಿರು ಕೆಳಗಡೆ ಬೇಸಿಗೆಯಲ್ಲಿ ಮರಳು ಬಗೆದು ಒರತೆ ನೋಡುತ್ತಾರೆ.

ಆದಕಾರಣ ಇಂಥದೊಂದು ಕೇಂದ್ರದ ಮಾತು ಬಂದಾಗ ನೆರೆಯ ಮರಾಠಿ ಬಂಧುಗಳೊಡನೆ ಗ್ರಾಮಸಭೆಗೆ ಹೋಗೋಣ. ನೀರು ಎಲ್ಲಿಯದು, ದಿನಕ್ಕೆಷ್ಟು ಎಂದು ಕೇಳೋಣ. ಉತ್ತರವನ್ನು ಬಾಯಿಮಾತಿನಲ್ಲಲ್ಲ, ಕಾಗದದ ಮೇಲೆ ಪಡೆದುಕೊಳ್ಳೋಣ.