ಗಪೋನ್ ಪಾದ್ರಿ ನಿಂತ ಜಾಮೀನು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೋಸಗಾರ ನಾಯಕನನ್ನು ನೀವು ಬೇಗ ಗುರುತಿಸುತ್ತೀರಿ, ಅಂಗಡಿಯಲ್ಲಿ ಕೂತವನಿಗೆ ಖೋಟಾ ನಾಣ್ಯದ ಸದ್ದು ತಿಳಿಯುವ ಹಾಗೆ. ನಾನು ಈ ಹೊತ್ತು ಹೇಳುವುದು ಒಳ್ಳೆಯವನೊಬ್ಬನ ಸಂಗತಿ. ಅವನಿಂದ ಪಾರಾಗುವುದೇ ಕಷ್ಟ.

ರಷ್ಯದ ಪೀಟರ್ಸ್‌ಬರ್ಗ್ ನಗರದಲ್ಲಿ ಗಪೋನ್ ಎಂಬ ಪಾದ್ರಿಯಿದ್ದ. ಕೂಲಿಕಾರರ ಕೇರಿಗಳಲ್ಲಿ ಓಡಾಡಿ, ಅವರ ಕಷ್ಟಕ್ಕೆ ಮರುಗಿದವನು. 1904ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಅವರಿಗಾಗಿ ಸಂಘ ಕಟ್ಟಿದ. ಪೋಲೀಸರಿಗೂ ಅದು ಬೇಕಾಗಿತ್ತು. ಕೂಲಿಕಾರರು ಅಲ್ಲಿ ಕೂತು ಭಾಷಣ ಕೇಳುತ್ತ ಕ್ರಾಂತಿಕಾರರಿಂದ ದೂರವಿದ್ದರೆ ಸಾಕು! ಗಪೋನನಿಗೆ ಇದು ತಿಳಿಯದೆ ಇರಲಿಲ್ಲ. ಪೋಲೀಸರನ್ನು ತಾನೇ ಬಳಸಿಕೊಳ್ಳುತ್ತಿದ್ದೇನೆಂದು ನಂಬಿದ್ದ.

ಆ ವರ್ಷದ ಕೊನೆಗೆ ಪುಟಿಲೋವ್ ಕಾರ್ಖಾನೆಯಲ್ಲಿ ಸಂಘದ ನಾಲ್ವರನ್ನು ಕೆಲಸದಿಂದ ತೆಗೆದರೆಂಬ ದೂರೆದ್ದು, ಮುಷ್ಕರ ಹತ್ತಿ ಊರೆಲ್ಲ ಹಬ್ಬಿತು. ಒಂದು ಲಕ್ಷಕ್ಕೂ ಮೀರಿ ಜನ ಕೆಲಸ ಬಿಟ್ಟರು. ಮಾಲೀಕರು ಕೇಳದಿದ್ದರೇನು, ತಂದೆಯಂಥ ಚಕ್ರವರ್ತಿಯ ಬಳಿಗೇ ಹೋಗೋಣವೆಂದು ಗಪೋನ್ ಹೊರಡಿಸಿದ. ದಿನಕ್ಕೆ 8 ಗಂಟೆ ದುಡಿಮೆ, ಕಡಿಮೆಯೆಂದರೆ ಒಂದು ರೂಬಲ್ ಕೂಲಿ, ಸಂಘದ ಹಕ್ಕು, ಜನರೇ ಆರಿಸಿದ ಸಂವಿಧಾನ ಸಭೆ. ಅರ್ಜಿಯಲ್ಲಿ ಕೇಳಿದ್ದು ಇಂಥವು. ಒಂದಾದರೂ ತಪ್ಪೆ?

1905ರ ಜನವರಿ 22, ಭಾನುವಾರ. ಅವರ ಹಳೆಯ ಲೆಕ್ಕದಲ್ಲಿ 9. ಆಯುಧ ಕೂಡದೆಂದು ಗಪೋನನ ಕಟ್ಟಪ್ಪಣೆ. ಹೆಂಗಸರು, ಮಕ್ಕಳು, ಮುದುಕರು ದೇವರ ಪಟ, ಚಕ್ರವರ್ತಿಯ ಭಾವಚಿತ್ರ ಹೊತ್ತು ಪ್ರಾರ್ಥನೆ ಹಾಡುತ್ತ ನಡೆದರು. ನಾರ್ವಾ ದ್ವಾರದ ಬಳಿ ಸಿಪಾಯಿಗಳು ಗುಂಡು ಹಾರಿಸಿದರು. ಮೆರವಣಿಗೆಯ ಮುಂದೆ ನಡೆದಿದ್ದ ಪೋಲೀಸನೂ ಸತ್ತ! ಊರಿನ ಬೇರೆ ಕಡೆಗಳಲ್ಲೂ ಅದೇ ಆಯಿತು. ಸರ್ಕಾರದ ಲೆಕ್ಕಕ್ಕೇ 130 ಹೆಣ; ಜನರ ಲೆಕ್ಕ ಇನ್ನೂ ದೊಡ್ಡದು. ಇಷ್ಟಾಗಿ, ಚಕ್ರವರ್ತಿ ಆ ಅರಮನೆಯಲ್ಲಿ ಇರಲೇ ಇಲ್ಲ. ಊರಾಚೆ ಇದ್ದ.

ಕೊಂದವರು ಸಿಪಾಯಿಗಳು, ನಿಜ. ಆದರೆ ಮಕ್ಕಳ ಕೈಹಿಡಿದು ಬರುವಷ್ಟು ಧೈರ್ಯ ತಾಯಂದಿರಿಗೆ ಕೊಟ್ಟವರು ಯಾರು? ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತು ಮುಳುಗಿದವರು ಈ ಸಭೆಯಲ್ಲೂ ಇದ್ದೀರಿ. ಗಪೋನ್ ನಿಂತದ್ದು ಚಕ್ರವರ್ತಿಗೆ ಜಾಮೀನು. ತೆತ್ತವರು ಮಾತ್ರ ಕೂಲಿಕಾರರು. ಕೇಡಿಗನ ಮಾತು ಕೇಳಿ ಅಷ್ಟು ಜನ ಮನೆಬಿಟ್ಟು ಬರುತ್ತಿರಲಿಲ್ಲ.

ಗಪೋನ್ ತಪ್ಪಿಸಿಕೊಂಡು ಪರದೇಶಕ್ಕೆ ಹೋದ. ಹಿಂದಿರುಗಿ ಮತ್ತೆ ಪೋಲೀಸರೊಡನೆ ಮಾತುಕತೆಗಿಳಿದ. 1906ರಲ್ಲಿ ಕ್ರಾಂತಿಕಾರರು ಅವನನ್ನು ಕೊಂದರು.

ಗುಂಡು ಹಾರಿದ ಹತ್ತು ದಿನಕ್ಕೆ ಅಧಿಕಾರಿಗಳು ತಾವೇ 34 ಕೂಲಿಕಾರರನ್ನು ಆರಿಸಿ ಚಕ್ರವರ್ತಿಯ ಮುಂದೆ ನಿಲ್ಲಿಸಿದರು. ಚಕ್ರವರ್ತಿ ದೊಡ್ಡ ಮನಸ್ಸು ಮಾಡಿ, ಕೂಲಿಕಾರರ ತಪ್ಪನ್ನು ಕ್ಷಮಿಸಿದ.