ಪಾತ್ರ ಹಂಚುವ ಮುನ್ನ



ನಾಟಕದಲ್ಲಿ ತೆರೆ ಸರಿದ ಕೂಡಲೇ ಉಡುಪು ಮತ್ತು ಮಾತಿನಿಂದಲೇ ಪಾತ್ರ ಯಾವುದೆಂದು ನಾವು ತೀರ್ಮಾನಿಸುತ್ತೇವೆ. ಗ್ರಾಂಥಿಕ ಕನ್ನಡವಾದರೆ ರಾಜ, ಇಂಗ್ಲಿಷ್ ಬೆರೆತರೆ ಸಾಹೇಬ, ಹಳ್ಳಿಯ ಮಾತಾದರೆ ಆಳು. ಕನ್ನಡ ತಪ್ಪಿದರೆ ಎಷ್ಟೋ ಸಲ ಅದು ಸಾಬರ ಪಾತ್ರ, ಜನ ನಗಲೆಂದೇ ಇಟ್ಟದ್ದು. ಹೀಗೆ ವಿದ್ಯೆ ಮತ್ತು ಅಂತಸ್ತೇ ಮನುಷ್ಯನ ಗುರುತಾಗುತ್ತವೆ. ಈ ಗುರುತು ಹುಟ್ಟಿನಿಂದ ಬಂದದ್ದೇ, ಕಲಿತದ್ದೇ?

ಗಿರೀಶ್ ಕಾರ್ನಾಡರ 'ತುಘಲಕ್' (1964) ನಾಟಕವನ್ನು ನೋಡಿ. ಅಲ್ಲಿನ ಸುಲ್ತಾನ ಮಹಾವಿದ್ವಾಂಸ. ಆದರೂ ಪ್ರಜೆಗಳ ಮನಸ್ಸನ್ನು ಓದಲಾರ. ಅಜೀಜ್ ಒಬ್ಬ ಅಗಸ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಮುಂದೆ ಖಲೀಫರ ವಂಶದ ಘಿಯಾಸುದ್ದೀನನೆಂದು ಹೇಳಿಕೊಂಡು ರಾಜಮರ್ಯಾದೆ ಪಡೆಯುತ್ತಾನೆ. ಅವನ ವಂಚನೆ, ಕೊಲೆಗಳನ್ನು ಯಾರೂ ಒಪ್ಪುವುದಿಲ್ಲ. ಆದರೆ ಉಡುಪು, ಮಾತು ಬದಲಾದೊಡನೆ ಅಗಸನಿಗೆ ಜಗತ್ತು ತಲೆಬಾಗಿತು ಎಂಬುದು ಯೋಚಿಸತಕ್ಕ ವಿಷಯ.

ಅಜೀಜ್ ಮೋಸದಿಂದ ಪಡೆದ ಮರ್ಯಾದೆಯನ್ನು ನಮ್ಮ ಸೀಮೆಯ ಹುಡುಗನೊಬ್ಬ ದುಡಿದು ಪಡೆದ. ಚಾಮರಾಜನಗರಕ್ಕೆ ಸಮೀಪದ, ಈಗ ತಮಿಳುನಾಡಿನಲ್ಲಿರುವ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ್. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಮನೆಯಲ್ಲಿ ಬಡತನ. ಹುಡುಗನ ಶಾಲೆ ಪ್ರಾಥಮಿಕ ಹಂತದಲ್ಲೇ ನಿಂತಿತು. ಗುಬ್ಬಿ ವೀರಣ್ಣನವರ ಕಂಪನಿಯೇ ಪಾಠಶಾಲೆಯಾಯಿತು. 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ಅವರು ರಾಜ್‌ಕುಮಾರ್ ಆದರು. ಸ್ಪಷ್ಟ ಕನ್ನಡದ ಉಚ್ಚಾರಕ್ಕೆ ನಾಡು ಅವರತ್ತ ಬೆರಳು ತೋರಿಸಿತು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಪದವಿ ಕೊಡದ ಭಾಷೆಯನ್ನು ರಂಗದ ಅಭ್ಯಾಸ ಕೊಟ್ಟಿತ್ತು.

ಈಗ ನಮ್ಮ ಶಾಲೆಗಳಿಗೆ ಬನ್ನಿ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ನಮ್ಮ ಅನೇಕ ಮಕ್ಕಳ ಮನೆಮಾತು ಉರ್ದು. 'ಳ' ಎನ್ನುವಲ್ಲಿ 'ಲ', 'ಣ' ಎನ್ನುವಲ್ಲಿ 'ನ' ಬರುತ್ತದೆ. ವಾರ್ಷಿಕೋತ್ಸವದ ನಾಟಕದಲ್ಲಿ ಹೆಚ್ಚು ಅಂಕ ಪಡೆದ, ಒಳ್ಳೆಯ ಬಟ್ಟೆ ತರಬಲ್ಲ ಮಗುವಿಗೆ ಮಂತ್ರಿಯ ಪಾತ್ರ ಸಿಗುತ್ತದೆ. ಹಮಾಲಿಯ ಮಗ ಮಾತಿಲ್ಲದೆ ಈಟಿ ಹಿಡಿದು ನಿಲ್ಲುತ್ತಾನೆ. ಯಾರಿಗೆ ಮಾತಿನ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಮಾತಿಲ್ಲ! ವರ್ಷವರ್ಷವೂ ಹೀಗೆ ನಿಂತ ಮಗು ತನ್ನ ಜಾಗ ಅದೇ ಎಂದು ನಂಬಿಬಿಡುತ್ತದೆ.

ಆದ್ದರಿಂದ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ತಾಲೀಮಿನಲ್ಲಿ ಪ್ರತಿ ಮಗುವೂ ಪ್ರತಿ ಪಾತ್ರದ ಮಾತನ್ನು ಒಮ್ಮೆಯಾದರೂ ಆಡಲಿ. ಕಷ್ಟದ ಅಕ್ಷರಗಳನ್ನು ನಗದೆ ತಿದ್ದಿ. ಉಡುಪನ್ನು ಶಾಲೆಯೇ ಒದಗಿಸಲಿ. ಮುಸ್ಲಿಂ ಪಾತ್ರವಿದ್ದರೆ ಅದು ಅಚ್ಚಗನ್ನಡ ಆಡುವ ವೈದ್ಯನೋ ಶಿಕ್ಷಕಿಯೋ ಆಗಲಿ. ಪೋಷಕರೇ, ನಾಟಕದಿಂದ ಓದು ಕೆಡುತ್ತದೆಂದು ಮಕ್ಕಳನ್ನು ತಡೆಯಬೇಡಿ. ಸಭೆಯ ಮುಂದೆ ನಿಂತು ಮಾತಾಡಲು ಕಲಿಯುವುದೂ ಓದೇ.