ನೀರು ದೂರ ಇರಲಿ, ತಕ್ಕಡಿ ಹತ್ತಿರ ಇರಲಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆ ಮನೆಕೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಇಷ್ಟು ಜನ ಬಂದಿದ್ದೀರಿ. ಚರ್ಮದ ಆರೈಕೆಗೆ ಬೇಕಾದ ವಸ್ತುಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ, ಅದಕ್ಕೆ ಏನೇನು ಸಾಮಾನು ಬೇಕು, ಯಾವ ಪಾತ್ರೆ ಬೇಕು ಎಂಬುದು ಇವತ್ತಿನ ವಿಷಯ. ಆದರೆ ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಸಂಘದವರು ಸೇರಿ ಲೋಳೆಸರದ ಕ್ರೀಮ್ ಮಾಡಿದೆವು. ಹಿತ್ತಲಿನ ಲೋಳೆಸರ, ತೆಂಗಿನೆಣ್ಣೆ, ಗುಲಾಬಿ ನೀರು. ಎಲ್ಲವೂ ನೈಸರ್ಗಿಕ, ಹಾಗಾಗಿ ಭಯವೇನು ಎಂದುಕೊಂಡೆವು. ಅಳತೆ ಏನೂ ಇಲ್ಲ, ಚಮಚದ ಲೆಕ್ಕ. ನಲವತ್ತು ಡಬ್ಬಿ ತುಂಬಿಸಿ ಊರಿನ ಸಂತೆಯಲ್ಲಿ ಮಾರಿದೆವು. ಹತ್ತು ದಿನ ಆಗಿರಲಿಲ್ಲ, ಡಬ್ಬಿಯೊಳಗೆ ಕಪ್ಪು ಬೂಷ್ಟು. ನಮ್ಮ ಪಕ್ಕದ ಮನೆಯ ಅಜ್ಜಿ ನನ್ನ ಮೇಲಿನ ವಿಶ್ವಾಸದಿಂದ ಅದನ್ನೇ ಹಚ್ಚಿ ಮುಖವೆಲ್ಲ ಕೆಂಪಾಗಿ ಗುಳ್ಳೆ ಎದ್ದು ಬಂದರು. ಬೈಯಲಿಲ್ಲ. "ನೀನು ಕೊಟ್ಟದ್ದಲ್ವಾ ಅಂತ ಹಚ್ಚಿದೆ ಮಗಾ" ಎಂದರು ಅಷ್ಟೇ. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಲ್ಲರ ಹಣ ವಾಪಸು ಕೊಟ್ಟೆವು. ಸಂಘದ ಉಳಿತಾಯದಿಂದಲೇ ಕೊಡಬೇಕಾಯ್ತು.

ತಪ್ಪು ಎಲ್ಲಿ ಆಯಿತು? ಲೋಳೆಸರ ಕೆಟ್ಟದ್ದಲ್ಲ, ತೆಂಗಿನೆಣ್ಣೆಯೂ ಕೆಟ್ಟದ್ದಲ್ಲ. ತಪ್ಪು ಆದದ್ದು ಎರಡು ಕಡೆ. ಒಂದು, ನೀರು. ಇನ್ನೊಂದು, ಅಂದಾಜು. ಇವತ್ತು ಇಷ್ಟನ್ನು ನೀವು ನೆನಪಿಟ್ಟರೆ ಸಾಕು.

ನೀರಿನ ವಿಷಯ

ದೋಸೆ ಹಿಟ್ಟು ಒಂದು ರಾತ್ರಿಯಲ್ಲಿ ಹುಳಿ ಬರ್ತದೆ. ಅದೇ ಉದ್ದು, ಅದೇ ಅಕ್ಕಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರ್ತದೆ. ವ್ಯತ್ಯಾಸ ನೀರಿನದ್ದು. ನೀರು ಇದ್ದಲ್ಲಿ ರೋಗಾಣು ಬೆಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಲೋಳೆಸರ, ಗುಲಾಬಿ ನೀರು, ಹಾಲು, ಸೌತೆಕಾಯಿ ರಸ, ಬೇವಿನ ಕಷಾಯ ಎಲ್ಲವೂ ನೀರೇ. ಕಂಪೆನಿಯ ಕ್ರೀಮಿನಲ್ಲೂ ನೀರು ಉಂಟು, ಆದರೆ ಅದು ಕೆಡದ ಹಾಗೆ ಸಂರಕ್ಷಕವನ್ನು ಸರಿಯಾದ ಪ್ರಮಾಣದಲ್ಲಿ ಹಾಕಿ, ಪರೀಕ್ಷೆ ಮಾಡಿರ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದು ಸಾಧ್ಯವಿಲ್ಲ. ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ರೋಗಾಣು ಬೆಳೆದಿರುತ್ತದೆ ಎಂಬುದೂ ನೆನಪಿರಲಿ.

ಆದ್ದರಿಂದ ನೀರಿನ ಅಂಶ ಇರುವ ಲೇಪ ಯಾವುದೇ ಇರಲಿ, ಆ ಹೊತ್ತಿಗೆ ಬೇಕಾದಷ್ಟೇ ಮಾಡಿ, ಹಚ್ಚಿ, ಉಳಿದದ್ದನ್ನು ಚೆಲ್ಲಿ. ಲೋಳೆಸರ ಬಳಸುವುದಾದರೆ ಎಲೆ ಕತ್ತರಿಸಿದ ಮೇಲೆ ಸ್ವಲ್ಪ ಹೊತ್ತು ನೇರ ನಿಲ್ಲಿಸಿ. ಹಳದಿ ಸೊನೆ ಇಳಿದುಹೋಗಲಿ, ಅದು ತುರಿಕೆ ಮಾಡುತ್ತದೆ. ಮತ್ತೆ ತೊಳೆದು ಒಳಗಿನ ತಿಳಿ ಲೋಳೆ ಮಾತ್ರ ಬಳಸಿ. ಇಟ್ಟು ಬಳಸುವ ವಸ್ತುಗಳು ಎರಡೇ ಬಗೆ: ಎಣ್ಣೆ-ಮೇಣದ ಮುಲಾಮು ಮತ್ತು ಒಣ ಪುಡಿ.

ಯಾವ ಸಾಮಾನು?

ತೆಂಗಿನೆಣ್ಣೆ ನಮ್ಮ ಮನೆಯಲ್ಲೇ ಉಂಟು. ಚೆನ್ನಾಗಿ ಒಣಗಿದ ಕೊಬ್ಬರಿಯಿಂದ ತೆಗೆದದ್ದಿರಲಿ. ಕೊಬ್ಬರಿ ಹಸಿ ಇದ್ದರೆ ಎಣ್ಣೆ ಬೇಗ ಕಮಟು ವಾಸನೆ ಬರುತ್ತದೆ. ಈ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೇ ಡಿಸೆಂಬರ್ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ನೀರಾಗಿರುವುದು.

ಮುರುಗಲು ತುಪ್ಪ. ಕರಾವಳಿಯಲ್ಲಿ ಕೆಲವರು ಪುನರ್ಪುಳಿ ಅಂತೇವೆ, ಉತ್ತರ ಕನ್ನಡದವರು ಮುರುಗಲು ಅಂತಾರೆ. ಬೇಸಿಗೆ ಕೊನೆಗೆ ಹಣ್ಣಿನ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳುತ್ತೇವೆ, ಬೀಜ ಎಸೆಯುತ್ತೇವೆ. ಆ ಬೀಜ ಒಣಗಿಸಿ, ಸಿಪ್ಪೆ ತೆಗೆದು, ಜಜ್ಜಿ ನೀರಿನಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ಆರಿದ ಮೇಲೆ ತೆಗೆದು, ಇನ್ನೊಮ್ಮೆ ಬಿಸಿ ಮಾಡಿ ನೀರಿನಂಶ ಪೂರ್ತಿ ಹೋಗಿಸಿ ಸೋಸಿದರೆ ಅದೇ ಮುರುಗಲು ತುಪ್ಪ. ನಮ್ಮ ಅಜ್ಜಿಯಂದಿರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದದ್ದು ಇದನ್ನೇ.

ಜೇನುಮೇಣ. ಜೇನು ಸಾಕುವವರ ಹತ್ತಿರ ಕೇಳಿ ತನ್ನಿ. ಇದು ಕರಗಲು 62ರಿಂದ 64 ಡಿಗ್ರಿ ಬೇಕು. ಎಣ್ಣೆಗೆ ಗಟ್ಟಿತನ ಕೊಡುವುದು ಇದೇ.

ಹೆಸರುಕಾಳು, ಅಂಟುವಾಳ, ಸೀಗೆಕಾಯಿ. ಅಂಟುವಾಳ ಮತ್ತು ಸೀಗೆಯಲ್ಲಿ ನೊರೆ ಬರುವ ಗುಣ ಹುಟ್ಟಿನಿಂದಲೇ ಇದೆ. ಕಣ್ಣಿಗೆ ಹೋದರೆ ಮಾತ್ರ ಉರಿ.

ಅರಿಶಿನ. ಪುಡಿ ತರಬೇಡಿ, ಕೊಂಬು ತಂದು ನೀವೇ ಪುಡಿ ಮಾಡಿ. ಬಣ್ಣ ಹೊಳೆಯಲಿ ಎಂದು ಪುಡಿಗೆ ಸೀಸದ ಅಂಶವಿರುವ ಹಳದಿ ಬಣ್ಣ ಬೆರೆಸುವ ಮೋಸ ಉಂಟು. ಸೀಸ ಮಕ್ಕಳ ಮೆದುಳಿಗೆ ವಿಷ.

ಬೇಡದ ಸಾಮಾನನ್ನೂ ಹೇಳ್ತೇನೆ. ನಿಂಬೆರಸ ಮುಖಕ್ಕೆ ಬೇಡ. ನಮ್ಮ ಚರ್ಮಕ್ಕೆ ತುಸುವೇ ಹುಳಿ ಗುಣ ಇರುವುದು, ನಿಂಬೆರಸ ಅದಕ್ಕಿಂತ ನೂರಾರು ಪಟ್ಟು ಹುಳಿ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡವೂ ಬೇಡ, ಅದು ಚರ್ಮವನ್ನು ಒಣಗಿಸುತ್ತದೆ. ಕಾಸ್ಟಿಕ್ ಸೋಡದ ಸಾಬೂನು ಇವತ್ತು ಬೇಡವೇ ಬೇಡ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕಲಿಸುವವರು ಪಕ್ಕದಲ್ಲಿ ನಿಂತು, ಕೈಗವಸು ಕನ್ನಡಕ ಹಾಕಿಸಿ ಕಲಿಸಬೇಕಾದ ಕೆಲಸ ಅದು.

ಯಾವ ಸಲಕರಣೆ?

1. ತಕ್ಕಡಿ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಸಂಘಕ್ಕೆ ಒಂದು ಸಾಕು. ಒಂದು ಚಮಚ ಎಣ್ಣೆ ಮತ್ತು ಒಂದು ಚಮಚ ಪುಡಿ ಒಂದೇ ತೂಕ ಅಲ್ಲ. ನಿಮ್ಮ ಚಮಚವೂ ನನ್ನ ಚಮಚವೂ ಒಂದೇ ಅಲ್ಲ. ಬೇರೆ ಏನು ಕೊಳ್ಳುವ ಮೊದಲೂ ಇದನ್ನು ಕೊಳ್ಳಿ.

2. ಸ್ಟೀಲಿನ ಎರಡು ಪಾತ್ರೆ, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರಲ್ಲಿ ನೀರು ಕಾಯಿಸಿ, ಚಿಕ್ಕದನ್ನು ಅದರೊಳಗೆ ಇಟ್ಟು ಮೇಣ ಕರಗಿಸುವುದು. ಮೇಣವನ್ನು ನೇರ ಬೆಂಕಿಗೆ ಇಡಬಾರದು, ಹೊತ್ತಿಕೊಳ್ಳುತ್ತದೆ. ತಾಮ್ರ, ಕಬ್ಬಿಣದ ಪಾತ್ರೆ ಬೇಡ. ಅದರಲ್ಲಿ ಎಣ್ಣೆ ಬೇಗ ಕೆಡುತ್ತದೆ.

3. ಸ್ಟೀಲ್ ಚಮಚ, ತೆಳು ಹತ್ತಿ ಬಟ್ಟೆ, ನಯವಾದ ಜರಡಿ. ಮರದ ಸೌಟು ಬೇಡ, ಅದು ನೀರನ್ನೂ ಮಸಾಲೆ ವಾಸನೆಯನ್ನೂ ಹೀರಿಕೊಂಡಿರುತ್ತದೆ.

4. ಬಿಗಿ ಮುಚ್ಚಳದ ಗಾಜಿನ ಅಥವಾ ತಗಡಿನ ಚಿಕ್ಕ ಡಬ್ಬಿಗಳು. ಗಾಜಿನ ಡಬ್ಬಿಯನ್ನೂ ಚಮಚವನ್ನೂ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಂದು ಹನಿ ನೀರು ಉಳಿದರೂ ಮಾಡಿದ ಕೆಲಸ ವ್ಯರ್ಥ.

5. ಒಂದು ನೋಟುಪುಸ್ತಕ ಮತ್ತು ಅಂಟಿಸುವ ಚೀಟಿ. ಏನು ಹಾಕಿದೆವು, ಎಷ್ಟು ಗ್ರಾಂ, ಯಾವ ತಾರೀಕು. ಸಂಘದ ಲೆಕ್ಕ ಬರೆದು ಅಭ್ಯಾಸ ಇರುವ ನಮಗೆ ಇದು ಕಷ್ಟ ಅಲ್ಲ.

ಎರಡು ಸರಳ ತಯಾರಿಗಳು

ಹಿಮ್ಮಡಿ ಮುಲಾಮು: ತೆಂಗಿನೆಣ್ಣೆ 60 ಗ್ರಾಂ, ಮುರುಗಲು ತುಪ್ಪ 20 ಗ್ರಾಂ, ಜೇನುಮೇಣ 20 ಗ್ರಾಂ. ಒಟ್ಟು 100 ಗ್ರಾಂ. ಮೊದಲು ಮೇಣ ಮತ್ತು ಮುರುಗಲು ತುಪ್ಪವನ್ನು ಬಿಸಿನೀರಿನ ಮೇಲೆ ಕರಗಿಸಿ, ಎಣ್ಣೆ ಸೇರಿಸಿ ಕದಡಿ, ಇಳಿಸಿ. ತಣ್ಣನೆಯ ಸ್ಟೀಲ್ ತಟ್ಟೆಗೆ ಒಂದು ಹನಿ ಹಾಕಿ ನೋಡಿ. ತುಂಬಾ ಗಟ್ಟಿಯಾದರೆ 5 ಗ್ರಾಂ ಎಣ್ಣೆ, ಮೆದುವಾದರೆ 5 ಗ್ರಾಂ ಮೇಣ. ಸೇರಿಸಿದ್ದನ್ನು ಪುಸ್ತಕದಲ್ಲಿ ಬರೆಯಿರಿ. ಡಬ್ಬಿಗೆ ಹೊಯ್ದು, ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ನೀರು ಬೀಳುತ್ತದೆ. ಕೆಲವೊಮ್ಮೆ ಮುಲಾಮು ರವೆ ರವೆ ಆಗಬಹುದು. ಅದು ಕೆಟ್ಟದ್ದಲ್ಲ, ನಿಧಾನವಾಗಿ ಆರಿದ್ದರಿಂದ ಹಾಗಾಗುವುದು. ರಾತ್ರಿ ಕಾಲು ತೊಳೆದು, ಒರೆಸಿ ಹಚ್ಚಿ. ನಾಲ್ಕೈದು ತಿಂಗಳೊಳಗೆ ಮುಗಿಸಿ. ಕಮಟು ವಾಸನೆ ಬಂದರೆ ಎಸೆಯಿರಿ.

ಸ್ನಾನದ ಪುಡಿ: ಹೆಸರುಕಾಳು ಹಿಟ್ಟು 100 ಗ್ರಾಂ, ಅಂಟುವಾಳ ಪುಡಿ 10 ಗ್ರಾಂ, ಅರಿಶಿನ ಪುಡಿ 2 ಗ್ರಾಂ. ಎಲ್ಲ ಸಾಮಾನು ಬಿಸಿಲಿಗೆ ಗರಿಗರಿ ಒಣಗಿರಬೇಕು. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅಂಟುವಾಳದ ಪುಡಿ ಸೀನಿಸಿ ಸುಸ್ತು ಮಾಡುತ್ತದೆ. ಜರಡಿ ಹಿಡಿಯಿರಿ. ದಪ್ಪ ತರಿ ಚರ್ಮಕ್ಕೆ ಗೀರುತ್ತದೆ. ಬೇಕಾದಷ್ಟು ಪುಡಿಯನ್ನು ಒಣ ಚಮಚದಲ್ಲಿ ಅಂಗೈಗೆ ತೆಗೆದು ಅಲ್ಲೇ ನೀರು ಬೆರೆಸಿ. ಒದ್ದೆ ಕೈಯನ್ನು ಡಬ್ಬಿಗೆ ಹಾಕಬೇಡಿ. ಮಳೆಗಾಲದಲ್ಲಿ ಇದನ್ನು ಮಾಡಬೇಡಿ, ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪವೇ ಮಾಡಿ.

ಹೊಸದಾಗಿ ಮಾಡಿದ್ದು ಯಾವುದೇ ಇರಲಿ, ಮೊಣಕೈ ಒಳಬದಿಗೆ ಚೂರು ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ನಿಮಗೆ ಅದು ಆಗುವುದಿಲ್ಲ ಎಂದೇ ಅರ್ಥ. ಎಳೆಮಗುವಿಗೆ, ಗಾಯವಾದ ಚರ್ಮಕ್ಕೆ ಇವು ಬೇಡ. ಸಕ್ಕರೆ ಕಾಯಿಲೆ ಇರುವವರ ಕಾಲು ಬಿರಿದಿದ್ದರೆ ಮುಲಾಮು ಅಲ್ಲ, ವೈದ್ಯರು ಬೇಕು. ಚರ್ಮದಲ್ಲಿ ತಿಳಿಬಣ್ಣದ ಮಚ್ಚೆ ಎದ್ದು, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಅರಿಶಿನ ಹಚ್ಚುತ್ತಾ ದಿನ ಕಳೆಯಬೇಡಿ. ಅದು ಕುಷ್ಠದ ಗುರುತಿರಬಹುದು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಉಚಿತ ಔಷಧಿ ಉಂಟು, ಪೂರ್ತಿ ಗುಣವಾಗುತ್ತದೆ.

ಮಾರಬಹುದಾ?

ಈ ಪ್ರಶ್ನೆ ಖಂಡಿತ ಬರ್ತದೆ, ನನಗೆ ಗೊತ್ತು. ಮನೆಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಕ್ರೀಮ್, ಮುಲಾಮು, ಸಾಬೂನು, ಸ್ನಾನದ ಪುಡಿ ಇವನ್ನು ಸೌಂದರ್ಯವರ್ಧಕವೆಂದು ಮಾಡಿ ಮಾರಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಪರವಾನಗಿ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಅದಕ್ಕೆ ಪ್ರತ್ಯೇಕ ಶುಚಿಯಾದ ಜಾಗ, ಅರ್ಹ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಯ ವ್ಯವಸ್ಥೆ ಬೇಕು. ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರು, ಯಾವಾಗಿನ ತನಕ ಬಳಸಬಹುದು, ಏನೇನು ಹಾಕಿದೆ ಎಂಬುದೆಲ್ಲ ಇರಬೇಕು. ಒಂದು ಸಂಘಕ್ಕೆ ಇದು ದೊಡ್ಡ ಹೊರೆ. ಹತ್ತು ಸಂಘ ಒಟ್ಟಾದರೆ ಆಲೋಚಿಸಬಹುದು. ಆದರೆ ಅಧಿಕಾರಿಗಳನ್ನು ವಿಚಾರಿಸುವ ಮೊದಲೇ ಸಾಲ ತೆಗೆಯಬೇಡಿ.

ಇನ್ನೊಂದು ಮಾತು. "ಬೆಳ್ಳಗಾಗ್ತೀರಿ" ಎಂದು ಯಾರಿಗೂ ಮಾತು ಕೊಡಬೇಡಿ. ಆ ಮಾತನ್ನು ನಂಬಬೇಡಿ ಕೂಡ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳಿಯಾಗಿಸುವ ಕ್ರೀಮ್ ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಗುರುತಿಸಿದರು. ಆ ಕ್ರೀಮುಗಳಲ್ಲಿ ಪಾದರಸ ಇತ್ತು. ಹೊರಗೆ ಹಚ್ಚಿದ್ದು ಒಳಗೆ ಹೋಗುವುದಿಲ್ಲ ಎಂದು ತಿಳಿಯಬೇಡಿ. ಯಾರು ಮಾಡಿದರು, ಏನು ಹಾಕಿದರು ಎಂದು ಬರೆಯದ ಡಬ್ಬಿಯನ್ನು ಮುಟ್ಟಬೇಡಿ. ನಮ್ಮ ಹೆಣ್ಣುಮಕ್ಕಳ ಮೈಬಣ್ಣ ರೋಗ ಅಲ್ಲ, ಅದಕ್ಕೆ ಔಷಧಿಯೂ ಬೇಡ.

ಹಾಗಾದರೆ ಇದರಿಂದ ಲಾಭವೇನು ಅಂತ ಕೇಳ್ತೀರಿ. ಇವತ್ತು ಮನೆಗೆ ಹೋಗಿ ಒಂದು ತಿಂಗಳಿಗೆ ಕ್ರೀಮು, ಮುಲಾಮಿಗೆ ಎಷ್ಟು ಖರ್ಚು ಆಗ್ತದೆ ಎಂದು ಬರೆಯಿರಿ. ಅದರ ಪಕ್ಕದಲ್ಲಿ ನಾವು ಮಾಡುವ ಮುಲಾಮಿನ ಸಾಮಾನಿನ ದರ ಬರೆಯಿರಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಉಳಿಸಿದ ಹಣವೂ ಸಂಪಾದನೆಯೇ ಎಂದು ವಾರವಾರದ ಉಳಿತಾಯ ಮಾಡಿ ಕಲಿತವರು ನಾವು.

ಆ ಅಜ್ಜಿಗೆ ಮುಂದಿನ ವರ್ಷ ಈ ಹಿಮ್ಮಡಿ ಮುಲಾಮು ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ತೂಕ, ತಾರೀಕು ಬರೆದ ಚೀಟಿ ಅಂಟಿಸಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಮೊಮ್ಮಗಳಿಂದ ಓದಿಸಿ ಕೇಳಿದರು. ಮೊದಲು ಮೊಣಕೈಗೆ ಹಚ್ಚಿ ಎರಡು ದಿನ ಕಾದು, ಆಮೇಲೆ ಕಾಲಿಗೆ ಹಚ್ಚಿದರು. ಈಗ ನಾವೂ ಹಾಗೆಯೇ ಮಾಡೋಣ. ಊಟದ ನಂತರ ತಂಡ ತಂಡವಾಗಿ ತಕ್ಕಡಿ ಮುಂದೆ ಕೂರೋಣ. ಬರುವಾಗ ಎಲ್ಲರೂ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬನ್ನಿ.